ನೀಲಿಯಲ್ಲದ ಕಲೆ

ಬಟ್ಟೆ ನೂಲುಗಳಿಗೆ ನೀಲಿ ಹಾಕುವ ನೀಲಗಾರರ ಮನೆಯಲ್ಲಿ ಕಲೆಗೆ ಯಾರೂ ಹೆದರುವುದಿಲ್ಲ. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಬಾಗಿಲಿಗೆ ನೀಲಿ, ಕಟ್ಟೆಗೆ ನೀಲಿ, ಬಾವಿಯ ಹಗ್ಗಕ್ಕೆ ನೀಲಿ, ಬೆಕ್ಕಿನ ಬಾಲಕ್ಕೂ ಒಮ್ಮೊಮ್ಮೆ ನೀಲಿ. ಫಕೀರವ್ವ ಮದುವೆಯಾಗಿ ಬಂದ ಹೊಸದರಲ್ಲಿ ಸೀರೆಗೆ ಬಣ್ಣ ಹತ್ತಿತೆಂದು ಕಣ್ಣಲ್ಲಿ ನೀರು ತಂದುಕೊಂಡಾಗ ಅವಳ ಅತ್ತೆ ನಕ್ಕು, "ಇದು ಉಣ್ಣಾಕ ಹಾಕೂ ಬಣ್ಣ ಐತೆವ್ವಾ, ಅಳಬ್ಯಾಡ" ಎಂದಿದ್ದಳು. ಅಂದಿನಿಂದ ಕಲೆಯ ಬಗ್ಗೆ ಯೋಚಿಸುವುದನ್ನೇ ಅವಳು ಬಿಟ್ಟಳು. ಗಂಡ ಗುರುಶಿದ್ದಪ್ಪನ ಅಂಗಿಯ ಕಂಕುಳಲ್ಲಿ ಕಪ್ಪು, ರುಮಾಲಿನ ಒಳಸುತ್ತಿನಲ್ಲಿ ಕಪ್ಪು. ತೊಳೆದಳು, ಒಣಗಹಾಕಿದಳು, ಮಡಚಿಟ್ಟಳು. ಬಾಳೆಲ್ಲ ಹಾಗೆಯೇ ಹೋಯಿತು.

ಗುರುಶಿದ್ದಪ್ಪ ಹೋದ ಶ್ರಾವಣದಲ್ಲಿ ತೀರಿಕೊಂಡಿದ್ದ. ಲಿಂಗಪೂಜೆಯಾಗದೆ ನೀಲಿ ಕಲಸಿದ ಬಾನಿಗೆ ಕೈ ಹಾಕಿದವನಲ್ಲ. ಬಣ್ಣದ ಮಾತಿನಲ್ಲಿ ಸುಳ್ಳು ಹೇಳಿದವನಲ್ಲ. ಓಣಿಯವರು ಅವನನ್ನು ಶರಣ ಎನ್ನುತ್ತಿದ್ದರು. ಕೊನೆಕೊನೆಗೆ ಅವನ ಬೆನ್ನು ಬಾಗಿಲ ಹಲಗೆಯಂತೆ ಬಿಗಿದುಹೋಗಿ, ಬಗ್ಗಿ ಪಾದ ಮುಟ್ಟಿಕೊಳ್ಳಲಿಕ್ಕೂ ಬರುತ್ತಿರಲಿಲ್ಲ. ಬಾನಿಯ ಮೇಲೆ ಬಗ್ಗಿ ಬಗ್ಗಿ ಹೀಗಾಯಿತೆಂದು ಎಲ್ಲರೂ ಅಂದರು. ಅವನು ಹೋದಮೇಲೆ ಫಕೀರವ್ವನಿಗೆ ಏಳುವುದೂ ಕೂಡುವುದೂ ಒಂದೇ ಆಯಿತು. ಬೆಳಿಗ್ಗೆ ರೇಲ್ವೆ ಕಾರಖಾನೆಯ ಭೋಂಗಾ ಕೂಗಿದಾಗ ಏಳುತ್ತಿದ್ದಳು. ಏಳಬೇಕಲ್ಲ ಎಂದು ಏಳುತ್ತಿದ್ದಳು, ಅಷ್ಟೆ.

ಸಂಕ್ರಾಂತಿಯ ಹೊತ್ತಿಗೆ ಸೊಸೆ ಹೊಳೆವ್ವ ಗಂಡುಕೂಸು ಹಡೆದಳು. ಈ ಹೊಳೆವ್ವ ಹೊರಗಿನವಳಲ್ಲ. ಗುರುಶಿದ್ದಪ್ಪನ ಸ್ವಂತ ಅಕ್ಕನ ಮಗಳು. ತಾಯಿ ಇಲ್ಲದ ಹುಡುಗಿ ಎಂದು ಅವನೇ ಹಟ ಹಿಡಿದು ಮಗ ಗಂಗಪ್ಪನಿಗೆ ತಂದುಕೊಂಡಿದ್ದ. ತವರಿನಲ್ಲಿ ಬಾಣಂತನ ಮಾಡುವವರಿಲ್ಲವೆಂದು ಹೆರಿಗೆಯೂ ಹುಬ್ಬಳ್ಳಿಯಲ್ಲೇ ಆಯಿತು. ಕೂಸಿಗೆ ಮುತ್ಯಾನ ಹೆಸರನ್ನೇ ಇಟ್ಟರು. ತೊಟ್ಟಿಲು ತೂಗಿದ ಹೆಂಗಸರೆಲ್ಲ ಗುರುಶಿದ್ದಪ್ಪ ತಿರುಗಿ ಬಂದ ಎಂದರು. ಫಕೀರವ್ವನಿಗೆ ಅಂದು ಎಷ್ಟೋ ತಿಂಗಳ ಮೇಲೆ ಹಸಿವೆಯಾಯಿತು.

ಎಳೆಗೂಸಿಗೆ ಹೊಸ ಬಟ್ಟೆ ತಾಗಿಸಬಾರದು, ಮನೆಯ ಹಿರಿಯರು ಉಟ್ಟು ಮೆತ್ತಗಾದ ಬಟ್ಟೆಯಲ್ಲೇ ಸುತ್ತಬೇಕು ಎಂಬುದು ಆ ಮನೆಯ ಪದ್ಧತಿ. ಫಕೀರವ್ವ ಗಂಡನ ಹಳೆಯ ಧೋತರಗಳನ್ನು ಹರಿದು ದುಪಟಿ ಮಾಡಿದಳು. ಕೂಸು ಉಚ್ಚೆ ಹೊಯ್ದ ಬಟ್ಟೆ ಮೊದಲು ಸಾದಾ ಇರುತ್ತಿತ್ತು. ಬುಟ್ಟಿಯಲ್ಲಿ ಬಿದ್ದಿದ್ದು ಮಧ್ಯಾಹ್ನದ ಹೊತ್ತಿಗೆ ಕಂದಾಗುತ್ತಿತ್ತು. ಸೋಡಾ ಹಾಕಿ ಒಗೆಯಲು ಹೋದರೆ ಮಸಿಯಂತೆ ಕಪ್ಪು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುತ್ಯಾನ ಧೋತರವಲ್ಲವೇ, ಒಳಗಿದ್ದ ಹಳೇ ನೀಲಿ ಬಿಡುತ್ತಿದೆ ಎಂದರು. ಗಂಗಪ್ಪನೇ ಹಾಗೆ ಅಂದ. ಅವನೂ ಬಣ್ಣಗಾರನೇ.

ಆದರೆ ಧೋತರಗಳು ಹರಿದು ಚಿಂದಿಯಾದಮೇಲೆ ಗಿರಣಿಯ ಬಿಳಿ ಮಾದರಪಾಟು ತಂದರು. ಬಾನಿಯ ಹತ್ತಿರ ಸುಳಿಯದ ಬಟ್ಟೆ ಅದು. ಅದೂ ಕಪ್ಪಾಯಿತು.

ಸೂಲಗಿತ್ತಿ ದುರಗವ್ವ ಬಂದು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು. "ಧೋತರದ್ದೂ ಅಲ್ಲ, ಬಣ್ಣದ್ದೂ ಅಲ್ಲ. ಹಾಲಿಂದು. ಆಕಿ ಹಾಲಿನಾಗ ಕಪ್ಪು ಐತಿ, ಕೂಸಿನ ಹೊಟ್ಟಿಗೆ ಇಳದು ಹೊರಗ ಬರಾಕತ್ತೈತಿ."

ಗಂಗಪ್ಪ ಹೆಂಡತಿಯ ಕಡೆ ತಿರುಗಿದ. "ಬಸರಿದ್ದಾಗ ಏನರ ತಿಂದಿದ್ದೇನು?"

"ನಿಮ್ಮ ಮನ್ಯಾಗ ಮಾಡಿದ್ದು ತಿಂದೇನಿ. ಮತ್ತೆಲ್ಲಿ ತಿನ್ನಲಿ?" ಎಂದಳು ಹೊಳೆವ್ವ.

"ಮಾತು ನೋಡು ಮಾತು," ಎಂದಳು ದುರಗವ್ವ.

ಕೂಸನ್ನು ಮೊಲೆ ಬಿಡಿಸಿ ಎಮ್ಮೆಯ ಹಾಲು ಹಿಡಿಸಬೇಕೆಂದು ತೀರ್ಮಾನವಾಯಿತು. ಹಾಲು ಬತ್ತಲೆಂದು ಬಾಣಂತಿಯ ಎದೆಗೆ ಮಲ್ಲಿಗೆ ಹೂವು ಕಟ್ಟಬೇಕಾಯಿತು. ಕಟ್ಟಿದ್ದು ಫಕೀರವ್ವ. ಹೊಳೆವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಇದು ಬೇಡ ಎನ್ನಲು ಫಕೀರವ್ವನಿಗೆ ಬಾಯಿ ಬರಲಿಲ್ಲ. ಮಾತಾಡಲು ಬೇಕಾದ ಶಕ್ತಿಯನ್ನು ಯಾರೋ ಅವಳ ಮೈಯಿಂದ ತೆಗೆದುಕೊಂಡು ಹೋದಂತಿತ್ತು. ಮರುದಿನ ಗಂಗಪ್ಪ ಹೆಂಡತಿಯನ್ನು ಲಕಮನಹಳ್ಳಿಗೆ, ಅವಳ ಅಪ್ಪನ ಮನೆಗೆ, ಬಿಟ್ಟುಬಂದ.

ಎಮ್ಮೆಯ ಹಾಲು ಕುಡಿದ ಕೂಸಿನ ಬಟ್ಟೆ ತಿಳಿಯಾಗಲಿಲ್ಲ. ಇನ್ನೂ ಕಪ್ಪಾಯಿತು, ಇದ್ದಿಲು ತಿಕ್ಕಿದಂತೆ. ದುರಗವ್ವ ಗೆದ್ದವಳ ಹಾಗೆ ನೋಡಿದಳು. "ನಾ ಹೇಳಲಿಲ್ಲೇನು? ಒಳಗ ನಿಂತ ವಿಷ ಈಗ ಹೊರಡಾಕತ್ತೈತಿ. ಪೂರಾ ಹೋಗೂತನಕ ತಾಯೀನ ಹತ್ತಿರ ಬಿಡಬ್ಯಾಡ್ರಿ." ಗಂಗಪ್ಪ ತಲೆಯಾಡಿಸಿದ. ಕೂಸಿಗೆ ಭೇದಿ ಹತ್ತಿತು. ತೊಡೆಯ ಚರ್ಮ ಜೋತುಬಿತ್ತು. ಅಳುವ ದನಿ ಸಣ್ಣದಾಗುತ್ತ ಬಂತು. ಒಂದು ಬೆಳಿಗ್ಗೆ ಪೂಜೆಗೆ ಕುಳಿತ ಫಕೀರವ್ವನಿಗೆ ಅಂಗೈಯ ಲಿಂಗದ ಮೇಲೆ ಕಣ್ಣು ನಿಲ್ಲಲಿಲ್ಲ. ಆ ಸಣ್ಣ ದನಿ ಎಲ್ಲಿ ನಿಂತುಬಿಡುವುದೋ ಎಂದು ಕಿವಿ ಅತ್ತಲೇ ಇತ್ತು. ಪೂಜೆ ಮುಗಿಸಿ ಕೂಸನ್ನೆತ್ತಿಕೊಂಡು, ನೋಯುವ ಮೊಣಕಾಲಲ್ಲೇ ಕುಂಟುತ್ತ, ಬಗಲ ಮನೆಯ ರೆಹಮತ್‌ಬಿಯ ಬಾಗಿಲಿಗೆ ಹೋದಳು.

"ನಿಮ್ಮವರ ಟಾಂಗಾ ಐತೇನು? ದವಾಖಾನಿಗೆ ಹೋಗಬೇಕು."

ರೆಹಮತ್‌ಬಿ ಕೂಸಿನ ಮುಖ ನೋಡಿ ರೊಟ್ಟಿಯ ಹಿಟ್ಟನ್ನು ಹಾಗೇ ಬಿಟ್ಟು ಎದ್ದಳು. "ನಾನೂ ಬರತೇನಿ. ನಿನ್ನ ಕಾಲು ನೋಡಿದರ ಡಾಕ್ಟರು ನಿನ್ನನ್ನ ಮಲಗಿಸಿಕೊಂಡು ಕೂಸನ್ನ ಹೊರಗ ಕಳಿಸ್ಯಾರು." ಗಂಡ ಗುಲಾಬಸಾಬನಿಗೆ ಕೂಗಿ ಹೇಳಿದಳು, "ಏ, ಕುದುರಿ ಕಟ್ಟರಿ. ಚಹಾ ಆಮ್ಯಾಲೆ."

ದವಾಖಾನೆಯ ಡಾಕ್ಟರ ಮುಳಗುಂದ ಅವರು ವಯಸ್ಸಾದವರು, ಮಾತಿನಲ್ಲಿ ಸಾವಕಾಶ. ಕೂಸಿನ ಹೊಟ್ಟೆ ಮುಟ್ಟಿದರು, ನಾಲಿಗೆ ನೋಡಿದರು. ಆಮೇಲೆ ಅದನ್ನು ಸುತ್ತಿದ್ದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಕೂಸಿನ ಉಚ್ಚೆಯನ್ನು ಗಾಜಿನ ಬಟ್ಟಲಲ್ಲಿ ಹಿಡಿಸಿ ಅದಕ್ಕೆ ಒಂದು ಚಿಟಿಕೆ ಸೋಡಾ ಹಾಕಿದರು. ನೀರಿನಂತಿದ್ದದ್ದು ಮೇಲಿನಿಂದ ಕೆಳಗೆ ಮೆಲ್ಲಗೆ ಕಪ್ಪಾಗುತ್ತ ಇಳಿಯಿತು.

"ಅಯ್ಯ, ನಿಮ್ಮ ಬಾನಿ ಇಲ್ಲೂ ಬಂತಲ್ಲ ಫಕೀರವ್ವ," ಎಂದಳು ರೆಹಮತ್‌ಬಿ.

ಫಕೀರವ್ವನಿಗೂ ಅದೇ ಹೊಳೆದಿತ್ತು. ಬಾನಿಯಿಂದ ಎತ್ತಿದ ಬಟ್ಟೆಯೂ ಮೊದಲು ಹಳದಿ ಹಸಿರಾಗಿ ಬಂದು, ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿಯಾಗುತ್ತದೆ.

ಡಾಕ್ಟರು ನಗಲಿಲ್ಲ. "ಅವ್ವಾರ, ಈ ಕೂಸಿನ ಮುತ್ಯಾನ ಕಿವಿ ಹೆಂಗಿದ್ದುವು?"

ಇದೆಂಥ ಪ್ರಶ್ನೆ ಎಂದು ಫಕೀರವ್ವ ಅವರ ಮುಖ ನೋಡಿದಳು. "ಕಿವಿ? ನೀಲಗಾರರ ಕಿವಿರಿ. ನೀಲಿನ ಇದ್ದುವು. ಒಂಥರಾ ಬೂದಿ ನೀಲಿ."

"ನೀವೂ ಬಾನ್ಯಾಗ ಕೈ ಹಾಕಿದವರಲ್ಲ? ನಿಮ್ಮ ಕಿವಿ ನೀಲಿ ಅದಾವೇನು?"

ರೆಹಮತ್‌ಬಿ ಬಗ್ಗಿ ನೋಡಿದಳು. "ಇಲ್ಲರಿ. ಉಗುರು ಮಾತ್ರ ನೀಲಿ."

"ನಿಮ್ಮ ಮಗಂದು?"

"ಇಲ್ಲರಿ," ಎಂದಳು ಫಕೀರವ್ವ. ಅಂದ ಮೇಲೆ ಆ ಮಾತು ಅವಳ ಎದೆಯಲ್ಲಿ ಕುಳಿತಿತು. ಗಂಡನ ಕಿವಿಯನ್ನು ಅಷ್ಟು ವರ್ಷ ನೋಡಿದ್ದಳು. ಅವನು ಕೈಯನ್ನು ಬಾನಿಯಲ್ಲಿ ಅದ್ದುತ್ತಿದ್ದ, ಕಿವಿಯನ್ನಲ್ಲ.

ಡಾಕ್ಟರು ಸ್ಟೂಲಿನ ಮೇಲೆ ಕುಳಿತು, ಅವಳಿಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು. "ನಾವು ಉಂಡದ್ದು ಕುಡಿದದ್ದು ಮೈಯಾಗ ಹಂತಹಂತವಾಗಿ ಒಡೀತದ. ಹಾಲು ಮೊಸರಾಗಲಿಕ್ಕೆ ಹೆಪ್ಪು ಬೇಕಲ್ಲ, ಹಂಗ ಒಂದೊಂದು ಹಂತಕ್ಕೂ ಒಂದೊಂದು ಹೆಪ್ಪು ಬೇಕು. ಮೈಯ ಕಣಕಣದಾಗ ಅದು ತಾನ ಆಗತದ. ಈ ಕೂಸಿಗೆ ಅದರಾಗಿನ ಒಂದು ಹೆಪ್ಪು ಹುಟ್ಟಾ ಇಲ್ಲ. ಅಲ್ಲೀತನಕ ಬಂದದ್ದು ಮುಂದ ಒಡಿಯೂದಿಲ್ಲ. ಉಚ್ಚಿಯೊಳಗ ಬಂದುಬಿಡತದ. ಗಾಳಿ ತಾಗಿದರ, ಸೋಡಾ ಬಿದ್ದರ ಕಪ್ಪು. ಮುತ್ಯಾನ ಮೈಯಾಗೂ ಇದ ಇತ್ತು. ಇಷ್ಟು ವರ್ಷದಾಗ ಅದು ಕಿವಿಗೆ ಇಳೀತು, ಬೆನ್ನಿನ ಎಲುವಿಗೂ ಇಳೀತು. ಅವರಿಗೆ ಬೆನ್ನು ಬಿಗದಿತ್ತೇನು?"

ರೆಹಮತ್‌ಬಿಯೇ ಹೇಳಿದಳು, "ಹಲಗಿ ಆಗಿತ್ತರಿ."

"ಮುತ್ಯಾಂದು ಮಮ್ಮಗಗ ಬಂದದ್ದು ಹೆಂಗರಿ? ನನ್ನ ಮಗ ಛಲೋ ಅದಾನಲ್ಲ," ಎಂದಳು ಫಕೀರವ್ವ.

"ಆ ಹೆಪ್ಪಿನ ಬೀಜ ಎಲ್ಲಾರಿಗೂ ಎರಡು ಪಾಲು ಬರತದ. ತಾಯಿಂದು ಒಂದು, ತಂದೀದು ಒಂದು. ಒಂದು ಕೆಟ್ಟಿದ್ದರ ಇನ್ನೊಂದು ದುಡೀತದ, ಆ ಮನುಷ್ಯಾಗ ಗೊತ್ತೂ ಆಗೂದಿಲ್ಲ. ನಿಮ್ಮ ಮಗ ಹಂಗ. ಎರಡೂ ಕೆಟ್ಟದ್ದು ಕೂಡಿದಾಗ ಹಿಂಗ. ಸೊಸಿ ಯಾರ ಪೈಕಿ?"

"ನಮ್ಮವರ ಅಕ್ಕನ ಮಗಳರಿ."

ಡಾಕ್ಟರು ತಲೆಯಾಡಿಸಿದರು. ಆ ಅಕ್ಕನ ಮೂಲಕ ಸೊಸೆಗೂ ಅದೇ ಕೆಟ್ಟ ಪಾಲು ಬಂದಿತ್ತು. ಎರಡೂ ಪಾಲು ಒಂದೇ ಬುಡದವು.

"ಹಂಗಾರ ಆಕಿ ಹಾಲು?"

"ಹಾಲಿಗೇನೂ ಆಗಿಲ್ಲ. ಎಮ್ಮಿ ಹಾಲು ಗಟ್ಟಿ, ತಾಯಿ ಹಾಲು ತೆಳ್ಳಗ. ಆ ಗಟ್ಟಿ ಅಂಶ ಹೆಚ್ಚಾದಷ್ಟೂ ಈ ಕಪ್ಪು ಹೆಚ್ಚು. ನೀವು ಹಾಲು ಬದಲಿ ಮಾಡಿ ಕಪ್ಪು ಹೆಚ್ಚು ಮಾಡೀರಿ. ಕಪ್ಪಿನಿಂದ ಕೂಸು ಸಾಯೂದಿಲ್ಲ. ಆದರ ಈ ಭೇದಿಯಿಂದ ಸಾಯತದ. ತಾಯಿ ಎದಿಗೆ ಹಾಕದಿದ್ದರ ಈ ಬ್ಯಾಸಗಿ ದಾಟೂದಿಲ್ಲ."

"ಕಪ್ಪಿಗೆ ಔಷಧ?"

"ಇಲ್ಲರಿ ಅವ್ವಾರ. ಇದು ಕೊನೀತನಕ ಇರೂದು."

ಟಾಂಗಾದಲ್ಲಿ ಬರುವಾಗ ಫಕೀರವ್ವ ಮಡಿಲಲ್ಲಿದ್ದ ಕೂಸಿನ ಕಿವಿಯನ್ನು ನೋಡುತ್ತ ಕುಳಿತಳು. ಇನ್ನೂ ಕೆಂಪಗೆ, ಎಳೆ ಎಲೆಯಂತಿತ್ತು.

ಡಾಕ್ಟರಿಗೆ ಹೇಳದ ಒಂದು ಮಾತು ಅವಳಲ್ಲಿತ್ತು. ಗುರುಶಿದ್ದಪ್ಪ ಹಾಸಿಗೆ ಹಿಡಿದ ತಿಂಗಳುಗಳಲ್ಲಿ ಬಾನಿಯ ಕಡೆ ಹೋದದ್ದಿಲ್ಲ. ಆದರೂ ಅವನ ಹಾಸಿಗೆಯ ಬಟ್ಟೆಗಳು ಕಪ್ಪಾಗುತ್ತಿದ್ದವು. ಬಾಳಿಡೀ ಮೈಗೆ ಇಳಿದ ನೀಲಿ ಈಗ ಹೊರಗೆ ಬರುತ್ತಿದೆ, ಶಿವ ಇವನನ್ನು ತೊಳೆದು ಕರೆದುಕೊಳ್ಳುತ್ತಿದ್ದಾನೆ ಎಂದು ಅವಳು ನಂಬಿದ್ದಳು. ಆ ಬಟ್ಟೆಗಳನ್ನು ಮಗನಿಗೂ ಸೊಸೆಗೂ ಕಾಣದಂತೆ ತಾನೇ ಒಗೆದು ಹಿತ್ತಲಲ್ಲಿ ಹರವುತ್ತಿದ್ದಳು. ಗಂಡನ ಮೈಲಿಗೆ ಹೆಂಡತಿಯ ಕಣ್ಣಿಗೆ ಮಾತ್ರ ಬೀಳಬೇಕು. ಈಗ ಅದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಶರಣನ ಹೆಸರು ಹಾಗೇ ಉಳಿಯುತ್ತದೆ, ಕೂಸು ಉಳಿಯುವುದಿಲ್ಲ.

ಗಂಗಪ್ಪ ಬಾನಿಯ ಮುಂದೆ ಕುಳಿತು ನೂಲಿನ ಲಡಿ ಹಿಂಡುತ್ತಿದ್ದ. ಮೊಳಕೈತನಕ ನೀಲಿ. ಅವಳು ಕಟ್ಟೆಯ ಮೇಲೆ ಕೂಸಿನೊಂದಿಗೆ ಕುಳಿತು ಡಾಕ್ಟರು ಅಂದದ್ದನ್ನೆಲ್ಲ ಹೇಳಿದಳು. ಹಾಸಿಗೆಯ ಬಟ್ಟೆಗಳ ಮಾತನ್ನೂ ಹೇಳಿದಳು. ಅವನು ಲಡಿಯನ್ನು ಹಿಂಡುವುದನ್ನು ಬಿಡಲಿಲ್ಲ.

"ಈಗ ಅಪ್ಪನ ಮ್ಯಾಲೆ ಹಾಕತಿಯೇನು ಯವ್ವಾ? ಸತ್ತವರು ಎದ್ದು ಬಂದು ಅಲ್ಲ ಅನ್ನೂದಿಲ್ಲಂತ?"

"ನಾ ಯಾರ ಮ್ಯಾಲೂ ಹಾಕಾಕತ್ತಿಲ್ಲ."

"ಅಪ್ಪನ ಮೈಯಾಗಿಂದು ನೀಲಿ. ಊರಿಗೆಲ್ಲ ಗೊತ್ತೈತಿ. ಕೋಟು ಹಾಕ್ಕೊಂಡವರೊಬ್ಬರು ಕಿವಿ ಹೆಂಗಿತ್ತು ಅಂತ ಕೇಳಿದ ಕೂಡಲೆ ನಿನಗ ಕಿವಿ ಕಂಡವೇನು?"

"ಹೂಂ. ಅವರು ಕೇಳಿದ ಮ್ಯಾಲೆ ಕಂಡವು."

ಅವಳು ಎದ್ದು ಒಳಗೆ ಹೋದಳು. ಮೊಣಕಾಲು ನೋಯುತ್ತಿತ್ತು. ದೇವರ ಮೂಲೆಯ ಪೆಟ್ಟಿಗೆಯಿಂದ ಒಂದು ಬಿಳಿ ರುಮಾಲು ತೆಗೆದುಕೊಂಡು ಬಂದಳು. ಗುರುಶಿದ್ದಪ್ಪ ಮಠಕ್ಕೆ ಹೋಗುವಾಗ ಮಾತ್ರ, ಮಿಂದು ವಿಭೂತಿ ಹಚ್ಚಿಕೊಂಡ ಮೇಲೆ ಸುತ್ತುತ್ತಿದ್ದ ರುಮಾಲು ಅದು. ಕೊನೆಯ ಸಲ ಸುತ್ತಿ ಬಿಚ್ಚಿಟ್ಟದ್ದನ್ನು ಅವಳು ಒಗೆದಿರಲಿಲ್ಲ. ಯಾರೂ ಇಲ್ಲದಾಗ ಪೆಟ್ಟಿಗೆ ತೆರೆದು ಅದನ್ನು ಮುಖದ ಹತ್ತಿರ ಹಿಡಿಯುತ್ತಿದ್ದಳು. ವಿಭೂತಿ, ಎಣ್ಣೆ, ಮತ್ತೆ ಅವನು. ಇನ್ನೂ ಇತ್ತು ಆ ವಾಸನೆ.

"ಇದು ಬಾನಿ ಕಂಡಿಲ್ಲ," ಎಂದಳು. "ಒಳಸುತ್ತು ನೋಡು."

ಗಂಗಪ್ಪ ಕೈ ಒರೆಸಿಕೊಂಡು ರುಮಾಲನ್ನು ತೆಗೆದುಕೊಂಡ. ಹಣೆಗೂ ಕಿವಿಗೂ ತಾಗುತ್ತಿದ್ದ ಜಾಗದಲ್ಲಿ ಕಂದುಗಪ್ಪು ಪಟ್ಟಿ ಇತ್ತು. ಅವನು ಬಿಸಿಲಿಗೆ ಬಂದು ನಿಂತು, ಗಿರಾಕಿಯ ಬಟ್ಟೆಯನ್ನು ನೋಡುವ ಹಾಗೆ ಓರೆಯಾಗಿ ಹಿಡಿದು ನೋಡಿದ. ಆಮೇಲೆ ಸೋಡಾ ನೀರಿನ ಗಡಿಗೆಯ ಕಡೆ ನೋಡಿ, ತಾಯಿಯ ಕಡೆ ನೋಡಿದ. ತೋಯಿಸಿ ತಿಕ್ಕಿದರೆ ಮಾತ್ರ ತಿಳಿಯುವುದು. ನೀಲಿಯಾದರೆ ತಿಕ್ಕಿದ ಬಿಳಿ ಬಟ್ಟೆಗೆ ನೀಲಿ ಹತ್ತಲೇಬೇಕು. ಆದರೆ ತೋಯಿಸಿದರೆ ವಾಸನೆ ಹೋಗುತ್ತದೆ. ತಾಯಿ ಆ ಪೆಟ್ಟಿಗೆ ತೆರೆಯುವುದನ್ನು ಅವನೂ ಕಂಡಿದ್ದನೆಂದು ಫಕೀರವ್ವನಿಗೆ ಆಗ ತಿಳಿಯಿತು.

"ತೋಯಿಸು," ಎಂದಳು.

ಅವನು ತೋಯಿಸಿದ. ಬಿಳಿ ಚಿಂದಿಯೊಂದನ್ನು ಒತ್ತಿ ತಿಕ್ಕಿದ. ಚಿಂದಿಯನ್ನು ಬಿಡಿಸಿ ನೋಡಿದ. ಮತ್ತೆ ತಿಕ್ಕಿದ. ನೀಲಿಯ ಸುಳಿವೇ ಇರಲಿಲ್ಲ. ಕೂಸಿನ ಬಟ್ಟೆಯೊಂದನ್ನು ಬುಟ್ಟಿಯಿಂದ ತೆಗೆದು ರುಮಾಲಿನ ಪಕ್ಕದಲ್ಲಿ ಹಿಡಿದ. ಎರಡರ ಬಣ್ಣವೂ ಒಂದೇ ಜಾತಿಯದು ಎಂದು ಹೇಳಲು ಅವನಿಗೆ ಡಾಕ್ಟರು ಬೇಕಾಗಿರಲಿಲ್ಲ.

"ನೀಲಿ ಅಲ್ಲ," ಎಂದ. ರುಮಾಲನ್ನು ಹಿಂಡುತ್ತ ಕೇಳಿದ, "ನಂದೂ ಒಂದು ಪಾಲು ಐತಿ ಅಂದರೇನು ಡಾಕ್ಟರು?"

"ನಿಂದೊಂದು, ಆಕಿದೊಂದು. ಎರಡೂ ನಿಮ್ಮಪ್ಪನ ಮನೀವು."

ಅವನು ಬಾನಿಯ ಅಂಚಿನ ಮೇಲೆ ಕುಳಿತುಬಿಟ್ಟ. "ನೀನ ಹೋಗಿ ಬಾ ಯವ್ವಾ. ನಾ ಯಾವ ಮಾರಿ ತಗೊಂಡು ಆಕಿ ಮುಂದ ನಿಲ್ಲಲಿ?"

"ನನಗ ಎಷ್ಟು ಮಾರಿ ಅದಾವು? ಹೂ ಕಟ್ಟಿದ ಕೈ ನನ್ನವು. ಏಳು, ಕೂಸನ್ನ ಹಿಡಕೋ. ನನ್ನ ಕೈ ಸೋತಾವು."

ಗುಲಾಬಸಾಬನ ಟಾಂಗಾ ಆ ದಿನ ಎರಡನೆಯ ಸಲ ಹೊರಟಿತು. ಧಾರವಾಡದ ದಾರಿ ಬಿಸಿಲಿಗೆ ಬೆಳ್ಳಗೆ ಬಿದ್ದಿತ್ತು. ಸತ್ತೂರ ದಾಟುವತನಕ ಕೂಸು ಅಳುತ್ತಿತ್ತು. ಆಮೇಲೆ ಅಳಲಿಲ್ಲ. ಗಂಗಪ್ಪ ಗಳಿಗೆಗೊಮ್ಮೆ ಅದರ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದ. ಫಕೀರವ್ವ ಕಣ್ಣು ಮುಚ್ಚಿ ನಮಃಶಿವಾಯ ಅನ್ನುತ್ತಿದ್ದಳು. ಕೇಳಿಕೊಳ್ಳಲು ಬೇರೆ ಮಾತು ಅವಳಲ್ಲಿ ಉಳಿದಿರಲಿಲ್ಲ.

ಲಕಮನಹಳ್ಳಿಯಲ್ಲಿ ಹೊಳೆವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಮೊರವನ್ನು ಪಕ್ಕಕ್ಕಿಟ್ಟಳು.

"ಕೂಸನ್ನ ಇಲ್ಲಿ ಕೊಡ್ರಿ."

ಅಷ್ಟೇ ಅಂದದ್ದು. ಒಳಗಿನ ಕೋಣೆಗೆ ಹೋಗಿ ಗೋಡೆಗೆ ಒರಗಿ ಕುಳಿತು ಕೂಸನ್ನು ಎದೆಗೆ ಹಾಕಿಕೊಂಡಳು. ಕೂಸು ಬಾಯಿ ತೆರೆಯಲಿಲ್ಲ. ಅವಳು ತುಟಿಗೆ ತಾಗಿಸಿದಳು, ಕೆನ್ನೆ ಸವರಿದಳು. ಕೊನೆಗೆ ಅದು ಹಿಡಿಯಿತು, ಎಳೆಯಿತು, ಏನೂ ಬರದೆ ಬಿಟ್ಟು ಕೀರಿತು. ಮತ್ತೆ ಹಿಡಿಯಿತು. ಫಕೀರವ್ವ ಹೊಸ್ತಿಲ ಆಚೆ ಕುಳಿತಿದ್ದಳು. ಒಳಗೆ ಬರಲು ಯಾರೂ ಕರೆದಿರಲಿಲ್ಲ. ಡಾಕ್ಟರು ಅಂದದ್ದನ್ನು ಅಲ್ಲಿಂದಲೇ ಹೇಳಿದಳು, ಮೊದಲಿನಿಂದ ಕೊನೆಯವರೆಗೆ.

ಹೊಳೆವ್ವ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೂಸಿನ ಮೇಲಿನಿಂದ ಕಣ್ಣು ಎತ್ತದೆ ಕೇಳಿದಳು, "ಅತ್ತಿ, ಹೂ ಕಟ್ಟೂವಾಗ ನಿಮಗೇನೂ ಅನಸಲಿಲ್ಲೇನ್ರಿ?"

"ಅನಿಸಿತ್ತು."

"ಮತ್ತ?"

"ಮಾತಾಡೂದು ಆಗಲಿಲ್ಲವ್ವಾ."

ಹೊಳೆವ್ವ ಕೂಸನ್ನು ಇನ್ನೊಂದು ಎದೆಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಕೀರುವುದು ನಿಂತು, ಕೂಸು ನುಂಗುವ ಸಣ್ಣ ಸದ್ದು ಬಂತು. ಬಹಳವೇನಿಲ್ಲ, ನಿಂತು ನಿಂತು ಬಂತು. ಹೊರಗಿದ್ದ ಗಂಗಪ್ಪ ಅದನ್ನು ಕೇಳಿ ಎದ್ದು ದನದ ಕೊಟ್ಟಿಗೆಯ ಕಡೆ ಹೋದ.

ಫಕೀರವ್ವ ಲಕಮನಹಳ್ಳಿಯಲ್ಲೇ ಉಳಿದಳು. ಹಾಲು ಹೆಚ್ಚಲೆಂದು ಸೊಸೆಗೆ ಅಳವಿ ಪಾಯಸ ಮಾಡಿದಳು, ಸಬ್ಬಸಗಿ ಪಲ್ಯ ಮಾಡಿದಳು, ಬಿಸಿನೀರು ಕಾಸಿದಳು. ಹೊಳೆವ್ವ ಉಂಡಳು, ಆದರೆ ಅತ್ತೆಯೊಡನೆ ನಕ್ಕು ಮಾತಾಡಲಿಲ್ಲ. ಅದನ್ನು ಫಕೀರವ್ವ ಬೇಡಲೂ ಇಲ್ಲ. ಹಾಲು ದಿನದಿನಕ್ಕೆ ತಿರುಗಿ ಬಂತು. ಭೇದಿ ಕಟ್ಟಿತು. ಯುಗಾದಿಯ ಹೊತ್ತಿಗೆ ಕೂಸಿನ ತೊಡೆ ತುಂಬಿ ಒಂದು ಮಡಿಕೆ ಕಂಡಿತು.

ಬಟ್ಟೆ ಮಾತ್ರ ಕಪ್ಪಾಗುತ್ತಲೇ ಇತ್ತು, ಮೊದಲಿಗಿಂತ ತುಸು ತಿಳಿಯಾಗಿ. ಫಕೀರವ್ವ ಅವನ್ನು ಒಗೆದು ಹಿತ್ತಲಿಗೆ ಒಯ್ಯಲಿಲ್ಲ. ಮುಂದಿನ ಅಂಗಳದಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಹಗ್ಗ ಕಟ್ಟಿ ಹರವಿದಳು. ಅವುಗಳ ಸಾಲಿನಲ್ಲಿ ಅವಳು ಜೊತೆಗೆ ತಂದಿದ್ದ ಗಂಡನ ರುಮಾಲೂ ಇತ್ತು. ತೋಯ್ದುಹೋದದ್ದು, ಇನ್ನು ಮುಖಕ್ಕೆ ಹಿಡಿಯಲಿಕ್ಕೇನೂ ಅದರಲ್ಲಿ ಇರಲಿಲ್ಲ. ಮೆತ್ತಗಿತ್ತು, ಹರಿದು ಕೂಸಿಗೆ ಸುತ್ತಬಹುದಾಗಿತ್ತು.

ನೀರಿಗೆ ಹೊರಟ ಹೆಂಗಸೊಬ್ಬಳು ನಿಂತು ನೋಡಿದಳು. "ಯಾತರ ಕಲೆ ಅವ್ವಾ ಇದು? ಹೋಗವಲ್ದಲ್ಲ."

"ನಮ್ಮ ಮನೀದು," ಎಂದಳು ಫಕೀರವ್ವ, ಕಟ್ಟೆಯ ಮೇಲೆ ಮೆಲ್ಲಗೆ ಕುಳಿತುಕೊಳ್ಳುತ್ತ. "ಹೋಗೂದಿಲ್ಲ."